ಸೋಲಾಕ ಕಲಿಸಿದ ಕಂಪ್ಯೂಟರ್

ರೇಡಿಯೋ ರಿಪೇರಿ ಅಂಗಡಿಗೆ ಬರೇ ಕೆಟ್ಟ ರೇಡಿಯೋ ಬರ್ತಾವ ಅಂತ ನೀವು ತಿಳ್ಕೊಂಡಿದ್ರ, ಅಂತಾ ಅಂಗಡ್ಯಾಗ ನೀವು ಒಂದು ದಿನಾನೂ ಕುಂತಿಲ್ಲ ಅಂತ ಅರ್ಥ. ಬಳ್ಳಾರಿ ಕೌಲ್ ಬಜಾರಿನ್ಯಾಗ ನಂದು ಅಂತಾದೊಂದು ಅಂಗಡಿ ಇತ್ತು. ಅಲ್ಲಿಗೆ ಗ್ವಾಡಿ ಗಡಿಯಾರ ಬಂದೈತಿ, ಗುಡಿ ಮೈಕು ಬಂದೈತಿ, ಒಬ್ರು ಹಿರ್ಯಾರು ಹಲ್ಲಿನ ಸೆಟ್ಟು ಕಾಗದದಾಗ ಸುತ್ಕೊಂಡು ಬಂದು, ಇದರ ತಂತಿ ಸಡಲಾಗೈತಿ ನೋಡಪಾ ಅಂತ ಕೇಳ್ಯಾರ. ಇಲ್ಲ ಅನ್ನಾಕ ನನಗ ಬರಂಗಿಲ್ಲ, ಅದು ನನ್ನ ದೊಡ್ಡ ರೋಗ. ಹಂಗಾಗಿ ಇಂತಾ ಕೆಲಸ ಹುಡಿಕ್ಕೊಂಡು ಹುಡಿಕ್ಕೊಂಡು ನನ್ನ ಕಡೆನ ಬರ್ತಾವ. ಆದ್ರ ಎಂಬತ್ತರ ದಶಕದ ನಡುವ ಬಂದ ಒಂದು ಕೆಲಸ ಇವೆಲ್ಲಾಕ್ಕಿಂತ ದೊಡ್ಡದು. ಅದನ್ನ ಹೇಳಿದ್ರ ಕೇಳಿದವರು ನಗ್ತಾರ. ನಾನು ಆಗ ನಕ್ಕಿರಲಿಲ್ಲ.

೧. ಗೆದ್ದು ಗೆದ್ದು ಸೊರಗಿದವರು

ಪಾಲಿಟೆಕ್ನಿಕ್ಕಿನ ಲೆಕ್ಚರರ್ ಒಬ್ರು ನನ್ನ ಖಾಯಂ ಗಿರಾಕಿ. ಅವರ ಹುಟ್ಟೂರು ಕುರುಗೋಡು. ಒಂದು ದಿನ ಅಂಗಡಿಗೆ ಬಂದು ಸ್ಟೂಲ್ ಮ್ಯಾಲೆ ಕುಂತು, ನಾವಿಬ್ರೂ ಸೇರಿ ಒಂದು ಕಂಪ್ಯೂಟರ್ ಕಟ್ಟಬೇಕು, ಅದು ಹುಲಿ-ಕುರಿ ಆಟ ಆಡಬೇಕು ಅಂದ್ರು. ನಾನು ಚಾ ತರಿಸಿದೆ. ತಲಿ ಬಿಸಿಯಾದವರಿಗೆ ಮೊದ್ಲು ಚಾ ಕುಡಿಸೋದು ನನ್ನ ಪದ್ಧತಿ.

ಚಾ ಕುಡದ ಮ್ಯಾಲೂ ಅವ್ರು ಅದನ್ನ ಹೇಳಿದ್ರು. ವಿಷಯ ಹಿಂಗಿತ್ತು. ಅವರ ತಂದಿ ಕುರುಗೋಡಿನ್ಯಾಗ ದೊಡ್ಡ ಯಜಮಾನ್ರು. ಮನಿ ಮುಂದಿನ ಕಲ್ಲಿನ ಕಟ್ಟಿ ಮ್ಯಾಲೆ ಹುಲಿ-ಕುರಿ ಆಟದ ಗೆರಿ ಕೊರದಿದ್ರು. ಮೂರು ಹುಲಿ, ಹದಿನೈದು ಕುರಿ. ಕುರಿ ಒಂದೊಂದಾಗಿ ಆಟಕ್ಕ ಇಳೀತಾವ. ಹಿಂದಿನ ಜಾಗ ಖಾಲಿ ಇದ್ದ ಕುರಿನ ಹುಲಿ ಹಾರಿ ತಿನ್ನಬೇಕು, ಕುರಿ ಎಲ್ಲಾ ಸೇರಿ ಹುಲಿ ಅಳ್ಳಾಡದಂಗ ಕಟ್ಟಬೇಕು. ಯಜಮಾನ್ರು ಯಾವಾಗಲೂ ಹುಲಿ. ಮೂವತ್ತು ವರ್ಷದಾಗ ಒಂದು ಆಟನೂ ಸೋತಿರಲಿಲ್ಲ.

ಯಾಕ ಸೋತಿರಲಿಲ್ಲ ಅನ್ನೋದು ಅವರೊಬ್ರನ್ನ ಬಿಟ್ಟು ಊರಿಗೆಲ್ಲಾ ಗೊತ್ತಿತ್ತು. ಊರಾಗಿನ ಜಗಳ ತಗಾದಿ ತೀರ್ಮಾನ ಆಗ್ತಿದ್ದದ್ದು ಅದಾ ಕಟ್ಟಿ ಮ್ಯಾಲೆ. ಆಟ ಗೆದ್ದ ದಿನ ಯಜಮಾನ್ರ ತೀರ್ಪು ಮೆತ್ತಗ ಇರ್ತಿತ್ತು. ಅದ್ಕ ತಗಾದಿ ಇದ್ದವರು ಮುಂಜಾನಿ ಬಂದು ಮೊದ್ಲು ಒಂದು ಆಟ ಸೋತು, ಆಮ್ಯಾಲೆ ತಮ್ಮ ಸಂಕಟ ಹೇಳ್ಕೋತಿದ್ರು. ತಗಾದಿ ಇಲ್ಲದವರೂ ಮುಂದ ಯಾವಾಗಾರ ಬಂದೀತು ಅಂತ ಸೋತು ಇಟ್ಟಿರ್ತಿದ್ರು.

ಈಗ ಯಜಮಾನ್ರಿಗೆ ಆಟ ಸಾಕಾಗಿ ಬಿಟ್ಟಿತ್ತು. ಯಾರನ್ನ ಕರದ್ರೂ ಸೋಲ್ತಾರ, ಇನ್ನ ಯಾಕ ಆಡ್ಲಿ ಅಂತ ಆಟದ ಹರಳು ಗಂಟು ಕಟ್ಟಿ ಗ್ವಾಡಿ ಮಾಡದಾಗ ಇಟ್ಟಿದ್ರು. ಕಟ್ಟಿಗೆ ಬರೋದು ಬಿಟ್ರು. ಊಟ ಕಮ್ಮಿ ಆತು. ದಿನಾ ಗ್ವಾಡಿ ಕಡೆ ಮಾರಿ ಮಾಡಿ ಕುಂದ್ರತಿದ್ರಂತ. ಅದರ ಮ್ಯಾಲೆ ಎದಿ ಬ್ಯಾನಿ. ಮನಸ್ಸಿಗೆ ಧಕ್ಕಿ ಆಗೋದು ಏನೂ ಮಾಡಬ್ಯಾಡ್ರಿ ಅಂತ ಡಾಕ್ಟ್ರು ಮಗನಿಗೆ ಬಿಗಿಯಾಗಿ ಹೇಳಿದ್ರು.

"ಅವರ ಜೋಡಿ ಗಟ್ಟಿಯಾಗಿ ಆಡಬೇಕು," ಅಂದ್ರು ಲೆಕ್ಚರರ್. "ಆದ್ರ ಕಡೀಕ ಸೋಲಬೇಕು. ಅದು ಮನಷ್ಯಾರಿಂದ ಆಗವಲ್ದು. ಮಷೀನಿನಿಂದ ಆದ್ರ ನಮ್ಮಪ್ಪಾಜಿ ಉಳೀತಾರ."

ಅಷ್ಟು ಹೇಳಿ ಕಣ್ಣು ಒರಸ್ಕೊಂಡ್ರು. ನನ್ನ ಅಂಗಡಿಗೆ ಬರೋ ಸಾಮಾನೆಲ್ಲಾ ಸೋತು ಬಂದಾವ ಇರ್ತಾವ. ಸೋಲೋದನ್ನ ಹೊಸದಾಗಿ ಮಾಡಿ ಕೊಡ್ರಿ ಅಂತ ಕೇಳಿದವರು ಅವರ ಮೊದಲ್ನೇರು.

೨. ಪ್ರೊಸೆಸರ್ ನೋಡೋ ಶಾಸ್ತ್ರ

ಕಂಪ್ಯೂಟರಿಗೆ ಮೊದ್ಲು ಬೇಕಾದ್ದು ಪ್ರೊಸೆಸರ್. ನಲವತ್ತು ಕಾಲಿನ ಒಂದು ಕರೀ ಚಿಪ್, ವಿಚಾರ ಮಾಡೋದೆಲ್ಲಾ ಅದರ ಕೆಲಸ. ಉಳದ ಸಾಮಾನೆಲ್ಲಾ ಅದಕ್ಕ ಹೊಂದಬೇಕು. ಆಗ ನಮ್ಮ ಕಿವಿಗೆ ಬಿದ್ದ ಹೆಸರು ಎರಡು. ಒಂದು 8085, ಇನ್ನೊಂದು ಝಡ್-80.

ಲೆಕ್ಚರರ್ 8085 ಅಂದ್ರ 8085 ಅಂತ ಹಟ ಹಿಡದ್ರು. ನಾಕು ವರ್ಷದಿಂದ ಅದನ್ನ ಪಾಠ ಮಾಡೀನಿ, ಅದರ ಗುಣ ಅವಗುಣ ಎಲ್ಲಾ ಗೊತ್ತು ಅಂದ್ರು. ಕೈಯಾಗ ಹಿಡದು ನೋಡೀರೇನು ಅಂತ ಕೇಳಿದೆ. ಕಾಲೇಜಿನ್ಯಾಗ ಒಂದು ಐತಿ, ಬೀರೂನ್ಯಾಗ ಇಟ್ಟು ಕೀಲಿ ಹಾಕ್ಯಾರ, ಇನ್ಸ್ಪೆಕ್ಷನ್ ಬಂದಾಗ ಎರಡು ಸಲ ದೂರದಿಂದ ನೋಡೀನಿ ಅಂದ್ರು. ನನ್ನ ಹಟ ಝಡ್-80ದು. ಅದಕ್ಕೂ ದೊಡ್ಡ ಕಾರಣ ಏನಿರಲಿಲ್ಲ. ನನ್ನ ಹತ್ರ ಇದ್ದ ಒಂದಾ ಒಂದು ಹಳೇ ಪತ್ರಿಕಿಯಾಗ ಅದರ ಚಿತ್ರ ಇತ್ತು, ಅದನ್ನ ಡಿಕ್ಷನರಿ ಇಟ್ಕೊಂಡು ಆರು ಸಲ ಓದಿದ್ದೆ.

ಒಂದು ತಿಂಗಳು ಇದಾ ನಡೀತು. ರೇಡಿಯೋ ತಗೊಂಡು ಹೋಗಾಕ ಬಂದವರೂ ಕುಂತು ಒಂದೊಂದು ಪಕ್ಷ ಹಿಡದ್ರು. ಒಬ್ಬ ಬ್ಯಾಟರಿ ಸೆಲ್ ಕೊಳ್ಳಾಕ ಬಂದಾವ ಎರಡೂ ಕಡೆ ವಾದ ಪೂರಾ ಕೇಳಿ, ಎಂಬತ್ತಕ್ಕಿಂತ ಎಂಟುಸಾವಿರದ ಎಂಬತ್ತೈದು ದೊಡ್ಡದಲ್ಲೇನ್ರಿ, ಇದರಾಗ ವಿಚಾರ ಮಾಡೋದು ಏನೈತಿ ಅಂತ ತೀರ್ಪು ಕೊಟ್ಟು ಹೋದ. ಲೆಕ್ಚರರ್ ಅದನ್ನೂ ತಮ್ಮ ಲೆಕ್ಕಕ್ಕ ಹಿಡಕೊಂಡ್ರು.

ಕಡೀಕ ಬೆಂಗಳೂರಿನ ಒಂದು ಅಂಗಡಿಗೆ ಕಾರ್ಡು ಬರದ್ವಿ. ಹದಿನೈದು ದಿನಕ್ಕ ಜವಾಬು ಬಂತು. 8085 ಸ್ಟಾಕ್ ಇಲ್ಲ, ಝಡ್-80 ಒಂದಾ ಪೀಸ್ ಉಳದೈತಿ, ಬೇಕಾದ್ರ ಲಗೂನ ತಿಳಸ್ರಿ ಅಂತ ಇತ್ತು. ಲೆಕ್ಚರರ್ ಕಾರ್ಡನ್ನ ಎರಡು ಸಲ ಓದಿದ್ರು. 8085 ತನಗಿಂತ ಹಿಂದಿನ ಹಳೇ ಚಿಪ್ಪಿನ ಯಾವ ಭಾಷಿ ಮಾತಾಡ್ತೈತೋ ಅದು ಝಡ್-80ಗೂ ಬರ್ತೈತಿ, ನಮ್ಮ ಬಳ್ಳಾರಿ ಮಂದಿಗೆ ತೆಲುಗು ಬಂದಂಗ, ತಾವು ಕಲ್ತದ್ದು ಏನೂ ಹಾಳಾಗಂಗಿಲ್ಲ ಅಂತ ವಿವರಿಸಿದ್ರು. ಹಂಗಾದ್ರ ಒಂದು ತಿಂಗಳು ಯಾಕ ಜಗಳಾಡಿದ್ವಿ ಅಂತ ನಾನು ಕೇಳಿದೆ. ಒಂದು ಮನಿಗೆ ಹೆಣ್ಣು ತರೋ ಮುಂದ ನಾಕು ಮಾತು ಬರ್ತಾವ ಬಿಡ್ರಿ ಅಂದ್ರು.

೩. ಇಪ್ಪತ್ತಮೂರು ಬಾಗಿಲಿನ ಮನಿ

ಟೀವಿ ಮ್ಯಾಲೆ ಆಟ ತೋರಸೋದು ನಮ್ಮ ಕೈಯಾಗ ಆಗೋ ಕೆಲಸ ಅಲ್ಲ ಅಂತ ತೀರ್ಮಾನ ಮಾಡಿದ್ವಿ. ಅದರ ಬದ್ಲಿ ಒಂದು ಹಲಗಿ ಮ್ಯಾಲೆ ಆಟದ ಗೆರಿ ಬರದು, ಗೆರಿ ಕೂಡೋ ಇಪ್ಪತ್ತಮೂರು ಜಾಗದಾಗ ಎರಡೆರಡು ಸಣ್ಣ ದೀಪ ಕುಂದ್ರಸೋದು. ಕೆಂಪು ಹತ್ತಿದ್ರ ಹುಲಿ, ಹಸರು ಹತ್ತಿದ್ರ ಕುರಿ. ಪ್ರತಿ ಜಾಗಕ್ಕ ಒಂದು ಒತ್ತೋ ಗುಂಡಿ. ಯಜಮಾನ್ರ ಕೈ ಬಳ್ಳು ದಪ್ಪ, ಕಣ್ಣು ಮಂಜು, ಸಣ್ಣ ಗುಂಡಿ ನಡ್ಯಂಗಿಲ್ಲ. ಅದ್ಕ ಮನಿ ಬಾಗಿಲಿಗೆ ಹಾಕೋ ಕಾಲಿಂಗ್ ಬೆಲ್ ಸ್ವಿಚ್ ಇದ್ರ ಆತು ಅಂತ ಎಲೆಕ್ಟ್ರಿಕ್ ಅಂಗಡಿಗೆ ಹೋದೆ.

ಇಪ್ಪತ್ತಮೂರು ಕೊಡ್ರಿ ಅಂದೆ. ಅಂಗಡಿಯವರು ಪರಿಚಯದವರು. ನನ್ನ ಮನಿ ಎರಡು ಕ್ವಾಣಿದು ಅಂತ ಅವರಿಗೆ ಗೊತ್ತಿತ್ತು. ಸುಮ್ಮನ ಎಣಿಸಿ ಕಟ್ಟಿದ್ರು. ಆಮ್ಯಾಲೆ ದನಿ ತಗ್ಗಿಸಿ, ಬೆಲ್ಲು ಎಷ್ಟು ಬೇಕು ಅಂತ ಕೇಳಿದ್ರು. ಬೆಲ್ಲು ಬ್ಯಾಡ, ಬರೇ ಸ್ವಿಚ್ ಸಾಕು ಅಂದೆ.

ಸಂಜಿಕ ಅಂಗಡಿಯವರ ಹೆಂಡ್ತಿ ನಮ್ಮ ಮನಿಗೆ ಬಂದು, ನಿಮ್ಮ ಮನಿಯವರು ಚಲೋ ನಿದ್ದಿ ಮಾಡ್ತಾರೇನು ಅಂತ ನನ್ನ ಹೆಂಡ್ತಿನ ವಿಚಾರಿಸಿ ಹೋದ್ರು.

೪. ಒಂಬತ್ತು ಹುಲಿ

ಪ್ರೊಸೆಸರ್ ಬಂತು, ಮೆಮೊರಿ ಬಂತು, ತಂತಿ ಬೆಸುಗಿ ಎಲ್ಲಾ ಮುಗೀತು. ಲೆಕ್ಚರರ್ ದಪ್ಪ ನೋಟ್ ಬುಕ್ಕಿನ್ಯಾಗ ಪೆನ್ಸಿಲ್ಲಿನಿಂದ ಪ್ರೋಗ್ರಾಂ ಬರದಿದ್ರು. ಅದನ್ನ ನಾನು ಸ್ವಿಚ್ ಒತ್ತಿ ಒತ್ತಿ ಒಂದೊಂದಾ ಅಂಕಿ ಮೆಮೊರಿ ಚಿಪ್ಪಿನ್ಯಾಗ ತುಂಬಿದೆ. ಹನ್ನೊಂದು ದಿನ ಹಿಡೀತು. ಆಮ್ಯಾಲೆ ಇಬ್ರೂ ಕೈ ಮುಗದು ಕರೆಂಟ್ ಕೊಟ್ವಿ.

ಹಲಗಿ ಮ್ಯಾಲೆ ಒಂಬತ್ತು ಕೆಂಪು ದೀಪ ಹತ್ತಿದ್ವು. ಗುಂಡಿ ಒತ್ತಿ ಕುರಿ ಇಟ್ರೂ ಹಸರು ಒಂದೂ ಇಲ್ಲ. ಸ್ವಲ್ಪ ಹೊತ್ತಿಗೆ ಹುಲಿ ಹನ್ನೆರಡು ಆದ್ವು.

ತಪ್ಪು ಎಲ್ಲೈತಿ ಅಂತ ಹುಡುಕಾಕ ಮತ್ತ ಎರಡು ವಾರ ಹೋದ್ವು. ಪ್ರೊಸೆಸರ್ ಭಾರಿ ಅವಸರದ್ದು, ಮೆಮೊರಿ ನಿಧಾನದ್ದು. ಅದು ಪ್ರಶ್ನಿ ಕೇಳಿ ಜವಾಬು ಬರೋದ್ರೊಳಗ ಮುಂದಿನ ಪ್ರಶ್ನಿಗೆ ಹೋಗ್ತಿತ್ತು. ತಾಲ್ಲೂಕಾಫೀಸಿನ್ಯಾಗ ಕಿಟಕಿ ಮುಂದ ನಿಂತವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಎರಡೂ ಒಳ್ಳೇವ, ಜೋಡಿ ಹೊಂದಿರಲಿಲ್ಲ ಅಷ್ಟ. ಮೆಮೊರಿನ ಓಡಸಾಕ ಆಗಂಗಿಲ್ಲ. ಅದ್ಕ ಪ್ರೊಸೆಸರಿಗೆ ತಾಳ ಹಾಕೋ ಕ್ರಿಸ್ಟಲ್ ತಗದು, ಕೆಟ್ಟ ಕಲರ್ ಟೀವಿಯಾಗಿನ ಕ್ರಿಸ್ಟಲ್ ಹಾಕಿ, ಅದರ ತಾಳಾನೂ ಅರ್ಧಕ್ಕ ಇಳಿಸಿದೆ. ಆಗ ಮೂರು ಹುಲಿ ಮೂರು ಆಗಿ ನಿಂತ್ವು.

ಅಲ್ಲೀಮಟ ಕುರಿ ಯಾಕ ಕಾಣಿಸಲಿಲ್ಲ ಅಂತ ಲೆಕ್ಚರರ್ ಗಂಭೀರವಾಗಿ ವಿಚಾರ ಮಾಡ್ತಿದ್ರು. ನಾನು ಹೇಳಿದೆ, ಹನ್ನೆರಡು ಹುಲಿ ಇದ್ದಲ್ಲಿ ನಾವಾದ್ರೂ ಬರ್ತಿದ್ವೇನ್ರಿ.

೫. ಮಾಳಿಗಿ ಮ್ಯಾಲಿನ ಚಿಪ್

ಆಟ ನಡೀತು, ಆದ್ರ ತಪ್ಪು ಆಟ ನಡೀತು. ಅದು ನನ್ನ ತಪ್ಪು. ನಾನು ಸಿರುಗುಪ್ಪದಾವ. ಆಟದ ಪದ್ಧತಿ ಹೇಳ್ರಿ ಅಂದಾಗ ನಮ್ಮೂರ ಪದ್ಧತಿ ಬರಸಿದ್ದೆ. ನಮ್ಮ ಕಡೆ ಕುರಿ ಎಲ್ಲಾ ಇಳಿಯೋಕಿಂತ ಮೊದ್ಲ ಇದ್ದ ಕುರಿನ ನಡಸಬಹುದು. ಕುರುಗೋಡಿನ್ಯಾಗ ಹದಿನೈದೂ ಇಳದ ಮ್ಯಾಲೆ ಕುರಿ ಅಳ್ಳಾಡಬೇಕು. ಯಜಮಾನ್ರ ಮುಂದ ಹಿಂಗಾಗಿದ್ರ ಹಲಗಿ ಎತ್ತಿ ಅಂಗಳಕ್ಕ ಒಗೀತಿದ್ರು ಅಂದ್ರು ಲೆಕ್ಚರರ್.

ಚಿಪ್ಪಿನ್ಯಾಗ ಬರದದ್ದು ಅಳಸಬೇಕು. ಆ ಚಿಪ್ಪಿನ ನೆತ್ತಿ ಮ್ಯಾಲೆ ಸಣ್ಣ ಗಾಜಿನ ಕಿಟಕಿ ಇರ್ತೈತಿ, ಅದ್ರಾಗ ಬಲವಾದ ಬೆಳಕು ಬಿಟ್ರ ಒಳಗಿನದು ಅಳಸಿ ಹೋಗ್ತೈತಿ. ಅದಕ್ಕಂತ ಬ್ಯಾರೆ ಒಂದು ದೀಪ ಸಿಗ್ತೈತಂತ, ನಮ್ಮ ಹತ್ರ ಇರಲಿಲ್ಲ. ಬಿಸಲಿಗೆ ಒಂದು ವಾರ ಇಟ್ರೂ ನಡೀತೈತಿ ಅಂತ ಪತ್ರಿಕಿಯಾಗ ಬರದಿತ್ತು. ಬಳ್ಳಾರಿಯಾಗ ಏಪ್ರಿಲ್ ತಿಂಗಳು. ಬಿಸಲಿಗೇನು ಕೊರತಿ. ಮಾಳಿಗಿ ಮ್ಯಾಲೆ ಹೆಂಡ್ತಿ ಸಂಡಿಗಿ ಒಣಗಾಕಿದ್ಲು. ಕಾಗಿ ಬರದಂಗ ಅದಕ್ಕ ಕಾವಲು ಇತ್ತು. ಅದಾ ಚಾಪಿ ಮೂಲ್ಯಾಗ ಚಿಪ್ ಇಟ್ಟು ಬಂದೆ.

ಎಂಟನೇ ದಿನ ಹತ್ತಿ ನೋಡಿದ್ರ ಚಾಪಿ ಇಲ್ಲ, ಸಂಡಿಗಿ ಇಲ್ಲ, ಚಿಪ್ಪೂ ಇಲ್ಲ. ಸಂಡಿಗಿ ಡಬ್ಬಿ ಸಿರಿಗೇರಿಯಾಗಿನ ನನ್ನ ಅತ್ತಿ ಮನಿಗೆ ಹಿಂದಿನ ದಿನಾನ ಹೋಗಿತ್ತು. ಅಂತಾ ಚಿಪ್ ಇನ್ನೊಂದು ತರಸಬೇಕಂದ್ರ ಮತ್ತ ಕಾರ್ಡು, ಮತ್ತ ಹದಿನೈದು ದಿನ, ಅಲ್ಲಿ ಯಜಮಾನ್ರು ದಿನಾ ಒಂದೊಂದು ತುತ್ತು ಬಿಡ್ತಿದ್ರು. ಮುಂದಿನ ಬಸ್ಸಿಗೆ ಹತ್ತಿದೆ.

ಅತ್ತಿ ಅಳಿಯ ಬಂದಾನ ಅಂತ ಅಕ್ಕರತಿ ಮಾಡಿ ಊಟಕ್ಕ ಕುಂದ್ರಿಸಿದ್ಲು. ನಾನು ಡಬ್ಬಿ ಎಲ್ಲಿ ಅಂದೆ. ಅಕಿ ಸಂಕೋಚದಿಂದ ಒಂದು ತಾಟಿನ್ಯಾಗ ನನ್ನ ಚಿಪ್ ಇಟ್ಕೊಂಡು ಬಂದ್ಲು. ಎಣ್ಣಿ ಇಳೀತಿತ್ತು.

"ಎಲ್ಲಾ ಚಲೋ ಅರಳಿದ್ವು ಅಳಿಯಂದ್ರ," ಅಂದ್ಲು. "ಇದೊಂದು ಅರಳಲಿಲ್ಲ. ನನ್ನ ಮಗಳಿಗೆ ಹಿಟ್ಟಿನ ಹದ ಇನ್ನೂ ಬಂದಿಲ್ಲ, ಬೇಜಾರು ಮಾಡ್ಕೋಬ್ಯಾಡ್ರಿ."

ಚಿಪ್ಪನ್ನ ಪೆಟ್ರೋಲಿನಿಂದ ತೊಳದು, ಒಣಗಿಸಿ, ಮತ್ತ ಹನ್ನೊಂದು ದಿನ ಕುಂತು ತುಂಬಿದೆ. ನಡೀತು. ಲೆಕ್ಚರರ್ ಹತ್ರ ಈ ವಿಷಯ ಹೇಳಲಿಲ್ಲ. ಜೀರಗಿ ವಾಸನಿ ಎಲ್ಲಿಂದ ಬರ್ತೈತಿ ಅಂತ ಅವ್ರು ಒಂದು ವಾರ ಕೇಳ್ತಿದ್ರು.

೬. ಸೋಲೋ ಪಾಠ

ಈಗ ಯಂತ್ರ ಗೆಲ್ಲಾಕ ಕಲ್ತಿತ್ತು. ಹುಲಿ ಆಗಿನೂ ಗೆಲ್ತಿತ್ತು, ಕುರಿ ಆಗಿನೂ ಗೆಲ್ತಿತ್ತು. ನಾವಿಬ್ರೂ ಆಡಿ ಸೋತ್ವಿ. ಇನ್ನ ಸೋಲೋದು ಕಲಿಸಬೇಕು.

ಸುಮ್ಮನ ಸೋಲೋದಾದ್ರ ಏನೂ ಕಷ್ಟಿಲ್ಲ, ಕುರಿ ತಂದು ಹುಲಿ ಬಾಯಾಗ ಇಟ್ರಾತು. ಆದ್ರ ಯಜಮಾನ್ರಿಗೆ ಅನುಮಾನ ಬರಬಾರ್ದು. ಇದಕ್ಕ ಗುರು ಬೇಕಾತು. ಕುರುಗೋಡಿನ್ಯಾಗ ರಿಟೈರಾದ ಪೋಸ್ಟ್ ಮಾಸ್ತರ್ರು ಒಬ್ರಿದ್ರು, ಯಜಮಾನ್ರ ಜೀವದ ಗೆಳ್ಯಾರು. ಮೂವತ್ತು ವರ್ಷ ದಿನಾ ಸಂಜಿಕ ಅವರ ಮುಂದ ಕುಂತು ಸೋತವರು. ಪಿಂಚಣಿ ಕೆಲಸಕ್ಕ ಬಳ್ಳಾರಿಗೆ ಬಂದಾಗ ಲೆಕ್ಚರರ್ ಅವರನ್ನ ನನ್ನ ಅಂಗಡಿಗೆ ಕರಕೊಂಡು ಬಂದ್ರು.

ಪೋಸ್ಟ್ ಮಾಸ್ತರ್ರು ಹಳೇ ಪೇಪರಿನ ಮ್ಯಾಲೆ ಗೆರಿ ಎಳದು, ಸಾಲಿ ಮಕ್ಕಳಿಗೆ ಹೇಳಿದಂಗ ಪಾಠ ಹೇಳಿದ್ರು. ಹನ್ನೊಂದು ಕುರಿ ಇಳಿಯೋಮಟ ಜೀವ ಕೊಟ್ಟು ಆಡಬೇಕು. ಹುಲಿಗೆ ಉಸರು ಕಟ್ಟಬೇಕು. ಹನ್ನೆರಡನೇ ಕುರಿನ ಎಡಗಡೆ ಮೂಲ್ಯಾಗ ಹಿಂದ ಯಾರೂ ಇಲ್ಲದಂಗ ಇಡಬೇಕು. ಅದು ಹೋದ ಕೂಡ್ಲೆ ಒಂದು ನಿಟ್ಟುಸಿರು ಬಿಡಬೇಕು. ನಿಟ್ಟುಸಿರು ಮರತ್ರ ಎಲ್ಲಾ ಕೆಡ್ತೈತಿ ಅಂದ್ರು. ಲೆಕ್ಚರರ್ ಎಲ್ಲಾ ಬರ್ಕೊಂಡ್ರು. ನಿಟ್ಟುಸಿರಿಗೆ ನಾನು ಒಂದು ಸಣ್ಣ ಬಜರ್ ಹಚ್ಚಿ, ಉದ್ದಕ ಒಂದು ದನಿ ಬಂದು ಇಳಿಯೋಹಂಗ ಮಾಡಿದೆ. ಕೇಳಿದ್ರ ಮನಸ್ಸಿಗೆ ಬ್ಯಾಸರ ಆಗ್ತಿತ್ತು.

ಆದ್ರ ಜಾಗ ಸಾಲಲಿ ಅಂದ್ರ ಸಾಲಲಿಲ್ಲ. ಎರಡೂ ಕಡೆ ಗೆಲ್ಲೋ ಪ್ರೋಗ್ರಾಂ ಒಂದು ಚಿಪ್ಪಿನ್ಯಾಗ ಆರಾಮ ಕುಂತಿತ್ತು. ಬರೇ ಕುರಿ ಆಗಿ ಮರ್ಯಾದಿಯಿಂದ ಸೋಲೋದು ಬೆಂಗಳೂರಿನಿಂದ ಮತ್ತ ತರಿಸಿದ ಎರಡನೇ ಚಿಪ್ ಪೂರಾ ತುಂಬಿ ಕುಂತಿತು. ಹುಲಿ ಆದಾಗ ಸೋಲೋದು ಬರಿಯಾಕ ಒಂದು ಅಂಕಿಗೂ ಜಾಗ ಉಳೀಲಿಲ್ಲ. ಮೂರನೇ ಚಿಪ್ಪಿಗೆ ನಾನು ಬೋರ್ಡಿನ ಮ್ಯಾಲೆ ಜಾಗ ಬಿಟ್ಟಿರಲಿಲ್ಲ. ಬ್ಯಾಡ ಬಿಡ್ರಿ, ಅಪ್ಪಾಜಿ ಹುಟ್ಟಿದಾಗಿಂದ ಕುರಿ ಮುಟ್ಟಿಲ್ಲ ಅಂದ್ರು ಲೆಕ್ಚರರ್.

ಗೆಲ್ಲಾಕ ಬೇಕಾದ್ದಕ್ಕಿಂತ ಸೋಲಾಕ ಜಾಸ್ತಿ ಜಾಗ ಬೇಕಾತು ಅಂತ ನಾನು ಪೋಸ್ಟ್ ಮಾಸ್ತರ್ರಿಗೆ ಹೇಳಿದೆ. ಅವ್ರು, ನನಗೂ ಹಂಗ ಆಗಿತ್ತಪಾ ಅಂದ್ರು.

೭. ಆಯ

ಪೆಟ್ಟಿಗಿ ಮಾಡಾಕ ಸಿರುಗುಪ್ಪದ ನಮ್ಮ ಹಳೇ ಬಡಿಗ್ಯಾರ ಹತ್ರ ಹೋದ್ವಿ. ಬಾಗಿಲ ಚೌಕಟ್ಟು ಮಾಡೋದ್ರಾಗ ಅವರದು ಎತ್ತಿದ ಕೈ. ಹದಿನೆಂಟು ಇಂಚು ಉದ್ದ, ಹದಿನಾಕು ಅಗಲ ಅಂತ ಅಳತಿ ಕೊಟ್ವಿ. ಅವ್ರು ಬಳ್ಳು ಮಡಚಿ ಮನಿ ವಾಸ್ತು ನೋಡೋ ಆಯದ ಲೆಕ್ಕ ಹಾಕಿ, ಈ ಅಳತಿಗೆ ನಾನು ಮಾಡಂಗಿಲ್ಲ ಅಂದ್ರು. ಇದು ಮನಿ ಅಲ್ಲ, ಪೆಟ್ಟಿಗಿ ಅಂತ ನಾನು ತಿಳಿಸಿ ಹೇಳಿದೆ.

"ಏನಾರ ಇರ್ಲಿ. ಮನ್ಯಾಗ ಇಡೋದಲ್ಲ? ಈ ಆಯಕ್ಕ ಮನಿ ಯಜಮಾನಗ ಸೋಲು ಬರ್ತೈತಿ."

ಲೆಕ್ಚರರ್ ಸೈನ್ಸ್ ಓದಿದವರು. ಒಂದು ನಿಮಿಷ ಆಕಾಶ ನೋಡಿದ್ರು. ಆಮ್ಯಾಲೆ, ಯಾವ ಅಳತಿಗೆ ಸೋಲು ಬರಂಗಿಲ್ಲೋ ಆ ಅಳತಿಗೆ ಮಾಡ್ರಿ ಅಂದ್ರು.

ಪೆಟ್ಟಿಗಿ ಎರಡಡಿ ಉದ್ದ ಆತು. ನಮ್ಮ ಬೋರ್ಡು ಒಳಗ ಗಡಗಡ ಅಂತ ಓಡ್ಯಾಡ್ತಿತ್ತು. ಸುತ್ತ ಬಟ್ಟಿ ತುರುಕಿ ಕುಂದ್ರಿಸಿದ್ವಿ. ಪ್ರೊಸೆಸರಿಗೆ ಮೆಮೊರಿ ಹೊಂದಿಸಿ, ಮೆಮೊರಿಗೆ ಕ್ರಿಸ್ಟಲ್ ಹೊಂದಿಸಿ ನಾಕು ತಿಂಗಳು ಸವಸಿದವರು ನಾವು. ಕಡೀಕ ಎಲ್ಲಾ ಹೊಂದಿದ್ದು ನನ್ನ ಮಾವನವರ ಹಳೇ ಧೋತರದಿಂದ.

೮. ಪರಊರಿನವ

ಒಂದು ಐತ್ವಾರ ಮುಂಜಾನಿ ಯಂತ್ರ ತಗೊಂಡು ಕುರುಗೋಡಿಗೆ ಹೋದ್ವಿ. ಪಡಸಾಲ್ಯಾಗ ಕಂಬಳಿ ಹಾಸಿ ಅದರ ಮ್ಯಾಲೆ ಇಟ್ವಿ. ಕರೆಂಟು ನಂಬೋಹಂಗ ಇರಲಿಲ್ಲ, ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಹಚ್ಚಿದ್ವಿ. ಊರಾಗಿನ ಎಂಟ್ಹತ್ತು ಮಂದಿ ಗ್ವಾಡಿಗೆ ಆನ್ಕೊಂಡು ಕುಂತ್ರು. ಎಲ್ಲಾರೂ ಯಾವಾಗಾರ ಒಮ್ಮಿ ಯಜಮಾನ್ರಿಗೆ ಸೋತವರ. ಪೋಸ್ಟ್ ಮಾಸ್ತರ್ರು ಮಗ್ಗಲಕ್ಕ ಕುಂತಿದ್ರು.

ಯಜಮಾನ್ರು ಗ್ವಾಡಿ ಬಿಟ್ಟು ಈ ಕಡೆ ತಿರಗಿದ್ರು. ಬಾಳ ಸೊರಗಿದ್ರು. ಲೆಕ್ಚರರ್ ಎಲ್ಲಾ ತಿಳಿಸಿ ಹೇಳಿದ ಮ್ಯಾಲೆ, ಪೆಟ್ಟಿಗಿ ಕಡೆ ಬಳ್ಳು ಮಾಡಿ, ಇವನ ಊರು ಯಾವುದು ಅಂತ ನನ್ನನ್ನ ಕೇಳಿದ್ರು. ಬಳ್ಳಾರಿಯಾಗ ಕಟ್ಟಿದ್ದು ಅಂದೆ.

"ಹಂಗಾದ್ರ ಪರಊರಿನವ," ಅಂದ್ರು ಯಜಮಾನ್ರು. "ಪರಊರಿನವರು ಬಂದು ಆಟಕ್ಕ ಕುಂತ್ರ ಮೊದಲ್ನೇ ಆಟದಾಗ ಹುಲಿ ಅವರದು. ನಮ್ಮಪ್ಪನ ಕಾಲದಿಂದ ಈ ಮನಿ ಪದ್ಧತಿ. ಹುಲಿ ಅವಗ ಕೊಡ್ರಿ. ನಾನು ಕುರಿ."

ಲೆಕ್ಚರರ್ ಮುಖ ಸುಣ್ಣ ಆತು. ಪರಊರಿನವರು ಯಾರೂ ಆ ಕಟ್ಟಿ ಮ್ಯಾಲೆ ಆಟಕ್ಕ ಕುಂತಿರಲಿಲ್ಲ, ಅದ್ಕ ಈ ಪದ್ಧತಿ ಮಗನಿಗೂ ಗೊತ್ತಿರಲಿಲ್ಲ. ಅಪ್ಪಾಜಿ ಹುಲಿ ನಿಮಗ ಒಪ್ಪತೈತಿ, ನೀವ ಹಿಡೀರಿ ಅಂತ ಒಂದೆರಡು ಸಲ ಹೇಳಿ ನೋಡಿದ್ರು. ಮನಿಗೆ ಬಂದವರಿಗೆ ಅಪಮಾನ ಮಾಡಂತೀಯೇನು ಅಂತ ಯಜಮಾನ್ರು ಬೈದ್ರು. ಪೆಟ್ಟಿಗಿ ಮಗ್ಗಲಕ್ಕ ಹುಲಿ, ಕುರಿ ಅಂತ ನಾನಾ ಚೆಂದಗ ಬರದು ಅಂಟಿಸಿದ್ದ ಸ್ವಿಚ್ ಇತ್ತು. ಅದನ್ನ ಓದಿ ತಾವ ಒತ್ತಿದ್ರು.

ಆಮ್ಯಾಲಿಂದು ನೋಡಾಕ ಆಗಲಿಲ್ಲ. ಹುಲಿ ಆಗಿ ಸೋಲೋದು ಆ ಯಂತ್ರಕ್ಕ ಗೊತ್ತಾ ಇರಲಿಲ್ಲ. ನಾಕನೇ ಕುರಿ ಇಟ್ಟ ಕೂಡ್ಲೆ ಒಂದು ಹೋತು. ಏಳನೇದ್ದಕ್ಕ ಇನ್ನೊಂದು. ಯಜಮಾನ್ರು ಹುಟ್ಟಿದಾಗಿಂದ ಕುರಿ ಆಡಿದವರಲ್ಲ, ಕುರಿಗೆ ಕುರಿ ಆಸರ ಕೊಡೋದು ಅವರಿಗೆ ತಿಳೀವಲ್ದು. ಐದನೇ ಕುರಿ ಹೋತು. ಲೆಕ್ಚರರ್ ನನಗ ಕಣ್ಣು ಮಾಡಿದ್ರು. ನಾನು ಮೆಲ್ಲಕ ಬ್ಯಾಟರಿ ತಂತಿ ಮ್ಯಾಲೆ ಕೈ ಇಟ್ಟೆ.

"ಕೈ ತಗಿ," ಅಂದ್ರು ಯಜಮಾನ್ರು. "ಆಟ ಮುಗೀಲಿ."

ಮುಗೀತು. ಎಂಟು ಕುರಿ ಹೋಗಿ, ಹುಲಿ ಕಟ್ಟಾಕ ಕುರಿ ಸಾಲದಂಗಾಗಿ ಆಟ ಮುಗೀತು. ಲೆಕ್ಚರರ್ ಒಂದು ಕೈಯಾಗ ನೀರಿನ ಚರಿಗಿ, ಇನ್ನೊಂದು ಕೈಯಾಗ ಎದಿ ಗುಳಗಿ ಹಿಡಕೊಂಡು ನಿಂತಿದ್ರು. ನಾನು ದೇವರನ್ನ ನೆನಸ್ತಿದ್ದೆ. ಯಜಮಾನ್ರು ನೀರು ಕುಡದು, ಗುಳಗಿ ಬ್ಯಾಡ ಅಂದು, ಕಂಬಳಿ ಮ್ಯಾಲೆ ಮುಂದಕ್ಕ ಸರದು ಕುಂತ್ರು. ಮುಖಕ್ಕ ಕಳಿ ಬಂದಿತ್ತು.

"ಇನ್ನೊಂದು ಹಚ್ಚು. ಈಗ ನಾನು ಹುಲಿ."

ನಾವಿಬ್ರೂ ಒಬ್ಬರ ಮುಖ ಒಬ್ರು ನೋಡಿ ಸಮಾಧಾನ ಮಾಡ್ಕೊಂಡ್ವಿ. ಈ ಸಲ ಯಂತ್ರ ಕುರಿ, ಕಲಿಸಿದ ಪಾಠ ಒಪ್ಪಿಸ್ತೈತಿ. ಒಪ್ಪಿಸ್ತು. ಹನ್ನೊಂದು ಕುರಿಮಟ ಯಜಮಾನ್ರಿಗೆ ಬೆವರು ಇಳಿಸ್ತು. ಹನ್ನೆರಡನೇದನ್ನ ಎಡಗಡೆ ಮೂಲ್ಯಾಗ ತಂದು ಒಂಟಿ ಇಟ್ಟಿತು. ಯಜಮಾನ್ರು ಹಾರಿ ತಿಂದ್ರು. ಯಂತ್ರ ಉದ್ದಕ ಒಂದು ನಿಟ್ಟುಸಿರು ಬಿಡ್ತು.

ಯಜಮಾನ್ರ ಬಳ್ಳು ಗುಂಡಿ ಮ್ಯಾಲೆ ಹಂಗ ನಿಂತಿತು.

"ಈಗ ನನ್ನ ಎಂಟು ಕುರಿ ತಿಂದಾವ ಈ ಮೂಲ್ಯಾಗ ಬಂದು ಕುರಿ ಬಿಡ್ತಾನೇನು," ಅಂದ್ರು. ಆಮ್ಯಾಲೆ ದನಿ ಇಳಿಸಿ, "ಈ ಕುರಿನ ನಾನು ದಿನಾ ಸಂಜಿಕ ತಿಂದೀನಿ," ಅಂದು ಪೋಸ್ಟ್ ಮಾಸ್ತರ್ರ ಕಡೆ ತಿರಗಿದ್ರು. ಗ್ವಾಡಿಗೆ ಕುಂತವರೆಲ್ಲಾ ನೆಲ ನೋಡಾಕ ಹತ್ತಿದ್ರು.

"ನನಗ ಬೇಕಂತ ಸೋಲ್ತಿದ್ರೇನು ಮಾಸ್ತರ್ರ?"

ಪೋಸ್ಟ್ ಮಾಸ್ತರ್ರು ಕನ್ನಡಕ ತಗದು ಧೋತರದ ಚುಂಗಿನಿಂದ ಒರಸಿದ್ರು. ಸುಳ್ಳು ಹೇಳೋ ವಯಸ್ಸು ದಾಟಿತ್ತು.

"ಮೊದಲ ಹತ್ತು ವರ್ಷ ಬೇಕಂತ ಸೋತೆ ಯಜಮಾನ್ರ," ಅಂದ್ರು. "ಆಮ್ಯಾಲಿನ ಇಪ್ಪತ್ತು ವರ್ಷ ಗೆಲ್ಲಬೇಕಂತ ಆಡೀನಿ. ಕೈ ತಾನಾ ಆ ಮೂಲಿಗೆ ಹೋಗ್ತಿತ್ತು, ಗೆಲ್ಲಾಕ ಬರ್ಲೇ ಇಲ್ಲ."

ನಗಬೇಕೋ ಬ್ಯಾಡೋ ಯಾರಿಗೂ ತಿಳೀಲಿಲ್ಲ. ಯಜಮಾನ್ರ ಕಣ್ಣಾಗ ನೀರು ಬಂತು, ಅದ್ರ ಹಿಂದ ನಗು ಬಂತು, ಎರಡನ್ನೂ ಅವ್ರು ಒರಸ್ಕೊಳ್ಳಲಿಲ್ಲ. ಕಂಬಳಿ ಮ್ಯಾಲೆ ಸರದು ಮಗ್ಗಲಕ್ಕ ಜಾಗ ಮಾಡಿದ್ರು.

"ಈ ಕಡೆ ಬರ್ರಿ ಮಾಸ್ತರ್ರ. ಹುಲಿ ಈ ಪರಊರಿನವನ ಹತ್ರ ಇರ್ಲಿ. ನಾವಿಬ್ರೂ ಕೂಡಿ ಕುರಿ."

ಇಬ್ರೂ ಮಧ್ಯಾಹ್ನದಮಟ ತಲಿಗೆ ತಲಿ ಹಚ್ಚಿ, ಒಬ್ಬರಿಗೊಬ್ರು ಬೈದಾಡ್ಕೋತ ಆರು ಆಟ ಆಡಿದ್ರು. ಆರೂ ಸೋತ್ರು. ಒಂದೂ ಬೇಕಂತ ಸೋತಿದ್ದಲ್ಲ.